ನಲವತ್ತು ಮಡಕೆ ಚೂರು

ಪಂಜಕೆಂಟ್,
19 ಜೂನ್ 1986

ಪ್ರೀತಿಯ ಮಗಳು ಮಾಸ್ತುರಾಜೋನ್‌ಗೆ ಅವಳ ಓಚಾ ಮಾಡುವ ಸಲಾಮ್.

ನೀನು, ಅಳಿಯಂದಿರು, ನಿನ್ನ ಅತ್ತೆಯವರು, ಮಕ್ಕಳಿಬ್ಬರು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ನಾನೂ ನನ್ನ ಯಜಮಾನರು, ನಿನ್ನ ದಾದಾ ಕೂಡ ಚೆನ್ನಾಗಿದ್ದೇವೆ. ಮಾರ್ಚ್ ಎಂಟರ ಹೆಂಗಸರ ಹಬ್ಬಕ್ಕೆ ನೀನು ಕಳಿಸಿದ ಕಾರ್ಡು ತಲುಪಿತು. ಅದಕ್ಕೆ ಉತ್ತರ ಬರೆಯಲು ಮೂರು ತಿಂಗಳು ಹಿಡಿದದ್ದಕ್ಕೆ ಕ್ಷಮಿಸು. ಕಾರ್ಡಿನಲ್ಲಿ ಎರಡು ಸಾಲಿತ್ತು. ಎರಡು ಸಾಲಿಗೆ ಎಷ್ಟು ಸಾಲಿನ ಉತ್ತರ ಬರೆದರೆ ನಿನಗೆ ಹೆಚ್ಚೆನಿಸುವುದಿಲ್ಲ ಎಂದು ಯೋಚಿಸುತ್ತಲೇ ದಿನಗಳು ಹೋದವು. ಇವತ್ತು ಆ ಯೋಚನೆ ಬಿಟ್ಟಿದ್ದೇನೆ. ಹೇಳುವ ಸುದ್ದಿ ಇದೆ.

ಜರ್ದಾಲು ಈ ಸಲ ಬೇಗ ಹಣ್ಣಾಯಿತು. ಅಂಗಳದ ಎರಡು ಮರದ ಹಣ್ಣನ್ನೂ ಚಾವಣಿಯ ಮೇಲೆ ಹರವಿದ್ದೇನೆ. ನಿನ್ನ ದಾದಾ ತಂಬಾಕಿನ ಕೊಟ್ಟಿಗೆಯಿಂದ ಬರುವಾಗ ಎಂದಿನಂತೆ ಕೆಮ್ಮುತ್ತಾರೆ, ಕೆಮ್ಮಿಲ್ಲ ಎನ್ನುತ್ತಾರೆ.

ಇನ್ನು ಸುದ್ದಿ. ನಿನ್ನ ಓಚಾ ತನ್ನ ನಲವತ್ತನಾಲ್ಕನೇ ವಯಸ್ಸಿನಲ್ಲಿ ಪೆನ್ಸಿಲ್ ಹಿಡಿದು ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾಳೆ. ನಗುವುದಿದ್ದರೆ ಈಗಲೇ ನಕ್ಕುಬಿಡು, ಮುಂದೆ ಓದಲು ಸಲೀಸು.

ಗುಡ್ಡದ ಮೇಲಿನ ಹಳೆಯ ಪಟ್ಟಣವನ್ನು ಅಗೆಯಲು ಪ್ರತಿ ಬೇಸಿಗೆ ಲೆನಿನ್‌ಗ್ರಾಡಿನಿಂದ ಬರುವ ತಂಡಕ್ಕೆ ನಾನು ಅಡುಗೆ ಮಾಡುವುದು ನಿನಗೆ ಗೊತ್ತೇ ಇದೆ. ಇದು ಏಳನೆಯ ಬೇಸಿಗೆ. ಅಗೆದಾಗ ಸಿಗುವ ಮಡಕೆ ಚೂರುಗಳನ್ನು ಅವರು ತೊಳೆದು, ಅಂಕಿ ಬರೆದು, ಒಂದೊಂದರ ಚಿತ್ರವನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ಫೋಟೋ ಸಾಲದಂತೆ. ಫೋಟೋ ನೆರಳು, ಕೊಳೆ, ಬಿರುಕು ಎಲ್ಲವನ್ನೂ ಒಂದೇ ಎಂಬಂತೆ ಹಿಡಿಯುತ್ತದೆ, ಕೈ ಮಾತ್ರ ಯಾವುದು ಯಾವುದೆಂದು ಬೇರ್ಪಡಿಸಿ ಹೇಳುತ್ತದೆ ಎನ್ನುತ್ತಾರೆ ಲಿದಿಯಾ ಪಾವ್ಲೋವ್ನಾ. ತಂಡದ ಚಿತ್ರಗಳೆಲ್ಲ ಅವರ ಜವಾಬ್ದಾರಿ. ಅರವತ್ತೆಂಟು ವರ್ಷದವರು. ಇಪ್ಪತ್ತೈದು ಬೇಸಿಗೆಗಳನ್ನು ಇಲ್ಲಿ ಕಳೆದು ನಮ್ಮ ಭಾಷೆಯಲ್ಲಿ ಬೈಯುವುದನ್ನೂ ಕಲಿತಿದ್ದಾರೆ. ಈ ವರ್ಷ ಅವರ ಬೆರಳ ಗಂಟುಗಳು ಊದಿಕೊಂಡಿವೆ, ಪೆನ್ಸಿಲ್ ಕೈಯಲ್ಲಿ ನಿಲ್ಲುವುದಿಲ್ಲ. ಪ್ರತಿ ವರ್ಷ ಚಿತ್ರ ಬರೆಯಲು ಬರುತ್ತಿದ್ದ ಹುಡುಗಿಗೆ ಹೆರಿಗೆಯಾಗಿದೆ, ಬಂದಿಲ್ಲ. ಮೇ ತಿಂಗಳ ಕೊನೆಗೆ ಹಲಗೆಗಳ ಮೇಲೆ ತೊಳೆದ ಚೂರುಗಳು ಸಾಲುಗಟ್ಟಿ ಕಾಯುತ್ತಿದ್ದವು.

ಒಂದು ಮಧ್ಯಾಹ್ನ ಉಪ್ಪುನೇರಳೆ ಮರದ ಕೆಳಗೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವರು ಹೇಳಿದರು: "ಸಮರ್ಕಂದಿನಿಂದ ಯಾರನ್ನಾದ್ರೂ ಕರೆಸ್ಬೇಕು. ಬೇಸಿಗೆಗೆ ಮಾತ್ರ ಅಲ್ಲ. ಚಳಿಗಾಲದಲ್ಲೂ ಇಲ್ಲೇ ದಾಸ್ತಾನು ಕೋಣೇಲಿ ಕೂತು ಬರೆಯೋರು ಒಬ್ರು ಬೇಕು."

ನಾನು ಚಹಾ ಬಗ್ಗಿಸುತ್ತಿದ್ದೆ. "ನನಗೆ ಕಲಿಸಿ," ಎಂದೆ.

ಅಷ್ಟು ಗಟ್ಟಿಯಾಗಿ ಹೇಳಬೇಕೆಂದುಕೊಂಡಿರಲಿಲ್ಲ. ಎಲ್ಲರ ಪಿಯಾಲಾಗಳೂ ಬಾಯಿಯ ಹತ್ತಿರ ನಿಂತವು. ನಮ್ಮ ಬೀದಿಯ ಕುವ್ವತ್ ಅಕಾ, ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿ ಅಗೆಯುವವನು, ಮೊದಲು ಬಾಯಿ ತೆರೆದ.

"ಯಾಕಮ್ಮಾ ಸಬೋಹತ್, ಶೋರ್ಬಾ ಕುದಿಸಿ ಕುದಿಸಿ ತಲೆಗೆ ಆವಿ ಹತ್ತಿತಾ?"

ಲಿದಿಯಾ ಪಾವ್ಲೋವ್ನಾ ನಗಲಿಲ್ಲ. ಜೇಬಿನಿಂದ ಒಂದು ಪೆನ್ಸಿಲ್ ತೆಗೆದು, ಸಕ್ಕರೆ ಸುತ್ತಿ ಬಂದಿದ್ದ ಕಾಗದವನ್ನು ನನ್ನ ಮುಂದೆ ನೂಕಿ, "ಒಂದು ಗೆರೆ ಎಳೀರಿ. ಈ ತುದಿಯಿಂದ ಆ ತುದಿಗೆ. ನೇರ," ಎಂದರು. ಎಳೆದೆ. ಕುವ್ವತ್ ಅಕಾ ಬಗ್ಗಿ ನೋಡಿ, "ಕತ್ತೆ ನಡೀತಾ ನಡೀತಾ ಉಚ್ಚೆ ಹೊಯ್ದ ಹಾಗಿದೆ," ಎಂದ. ಅವನು ಸುಳ್ಳು ಹೇಳಲಿಲ್ಲ, ಹಾಗೇ ಇತ್ತು.

"ಇಂಥಾ ಗೆರೆ ಸಾವಿರ ಎಳೆದು ನಾಳೆ ತನ್ನಿ," ಎಂದರು ಲಿದಿಯಾ ಪಾವ್ಲೋವ್ನಾ.

"ಸಾವಿರಾನಾ?"

"ಸಾವಿರದೊಂದನೇದು ಚೆನ್ನಾಗಿರುತ್ತೆ ಅಂತ ನಾನೇನೂ ಹೇಳ್ತಿಲ್ಲ."

ಮಾರನೆಯ ದಿನ ಕೊಂಡೊಯ್ದೆ. ಅದಾದ ಮೇಲೆ ಅವರು ಷರತ್ತು ಹೇಳಿದರು. ಸೆಪ್ಟೆಂಬರ್ ಮುಗಿಯುವುದರೊಳಗೆ ನಾನು ನಲವತ್ತು ಚೂರುಗಳ ಚಿತ್ರ ಬರೆಯಬೇಕು. ಯಾವ ಚೂರೆಂದು ಅವರೇ ಆರಿಸುತ್ತಾರೆ. ನಲವತ್ತೂ ವರದಿಗೆ ಸೇರುವಂತಿದ್ದರೆ ದಾಸ್ತಾನು ಕೋಣೆಯ ಕೆಲಸ ನನ್ನದು, ವರ್ಷವಿಡೀ. ಒಂದು ಕಡಿಮೆಯಾದರೂ ಸಮರ್ಕಂದಿಗೆ ಕಾಗದ ಹೋಗುತ್ತದೆ, ನಾನು ಮತ್ತೆ ಕಡಾಯಿಯ ಮುಂದೆ. ಅಲ್ಲಿಯವರೆಗೆ ಅಡುಗೆಯೂ ನಿಲ್ಲುವಂತಿಲ್ಲ.

ನಿನ್ನ ದಾದಾಗೆ ಹೇಳಿದಾಗ ಅವರು ರೊಟ್ಟಿ ಮುರಿಯುತ್ತಿದ್ದರು. "ಒಂದನೇ ಕ್ಲಾಸಿಗೆ ಸೇರ್ಕೊಂಡ್ಯಾ? ಹಾಗಾದ್ರೆ ಜಡೆಗೆ ಬಿಳಿ ರಿಬ್ಬನ್ನೂ ಕಟ್ಕೋ," ಎಂದರು. ಆಮೇಲೆ ನಿಜವಾಗಿಯೇ ಕೇಳಿದರು: "ಯಾತಕ್ಕೆ ಇದೆಲ್ಲ?"

"ಇಪ್ಪತ್ತೈದು ವರ್ಷದಿಂದ ನಾನು ಮಾಡಿದ್ದೆಲ್ಲ ಸಂಜೆ ಒಳಗೆ ಖಾಲಿಯಾಗಿದೆ," ಎಂದೆ. "ಖಾಲಿಯಾಗದೇ ಇರೋದು ಏನಾದ್ರೂ ಒಂದು ಮಾಡ್ಬೇಕು."

ಅವರು ತಟ್ಟೆ ನೋಡಿಕೊಂಡರು. ಅದೂ ಖಾಲಿಯಾಗಿತ್ತು.

ಈ ಮೂರು ವಾರದಲ್ಲಿ ಕಲಿತದ್ದು ಹೇಳುತ್ತೇನೆ. ಪೆನ್ಸಿಲನ್ನು ಬ್ಲೇಡಿನಿಂದ ಹೆರೆಯಬೇಕು. ಹೆರೆಯುವುದನ್ನು ಕಲಿಯಲೇ ಮೂರು ದಿನ ಬೇಕಾಯಿತು, ಎರಡು ಪೆನ್ಸಿಲ್ ಮುಗಿದವು. ಗೆರೆ ಎಳೆಯುವಾಗ ನಾನು ಉಸಿರು ಹಿಡಿಯುತ್ತಿದ್ದೆ, ಅದಕ್ಕೇ ಕೊನೆಯಲ್ಲಿ ಗೆರೆ ಜಾರುತ್ತಿತ್ತು. ಆಮೇಲೆ ಪಿಯಾಲಾ. ಅದರ ಬಾಯಿ ದುಂಡಗೆ ಎಂದು ನನಗೆ ಗೊತ್ತು, ದಿನಕ್ಕೆ ನೂರು ಸಲ ತೊಳೆಯುವವಳು. ದುಂಡಗೇ ಬರೆದೆ. ಲಿದಿಯಾ ಪಾವ್ಲೋವ್ನಾ ನನ್ನನ್ನು ನೆಲದ ಮೇಲೆ ಕೂರಿಸಿ, ಅಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಪಿಯಾಲಾವನ್ನು ಪೆಟ್ಟಿಗೆಯ ಮೇಲಿಟ್ಟರು. ದುಂಡು ಎಲ್ಲಿ? ಬರೀ ಒಂದು ಗೆರೆ. "ಈಗ ನಿಧಾನವಾಗಿ ಏಳಿ," ಎಂದರು. ಎದ್ದೆ. ಗೆರೆ ತೆಳ್ಳಗೆ ಬಾಯಿ ಬಿಟ್ಟಿತು, ಜರ್ದಾಲು ಬೀಜದಷ್ಟಾಯಿತು, ಇನ್ನೂ ಎದ್ದಂತೆ ಅಗಲವಾಯಿತು. ನಾಲ್ಕೈದು ಸಲ ಕೂತು ಎದ್ದೆ. ಕುವ್ವತ್ ಅಕಾ ದೂರದಿಂದ, "ನಮಾಜಿಗೆ ದಿಕ್ಕು ಆ ಕಡೆ ಅಲ್ಲಮ್ಮ," ಎಂದು ಕೂಗಿದ.

ನಲವತ್ತನಾಲ್ಕು ವರ್ಷ ನಾನು ಪಿಯಾಲಾವನ್ನು ನೋಡಿರಲೇ ಇಲ್ಲ, ಮಗಳೇ. ಅದು ಏನೆಂದು ಗೊತ್ತಿತ್ತು, ಅಷ್ಟೇ.

ನಿನ್ನ ಮಕ್ಕಳಿಗೆ ಮುತ್ತು. ಒಣ ಜರ್ದಾಲು ಜುಲೈನಲ್ಲಿ ಕಳಿಸುತ್ತೇನೆ. ದೇವರು ನಿನ್ನ ಮನೆಯ ಒಲೆಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ಓಚಾ,
ಸಬೋಹತ್


ಪಂಜಕೆಂಟ್,
24 ಆಗಸ್ಟ್ 1986

ಮಾಸ್ತುರಾಜೋನ್,

ಸಲಾಮ್. ಜರ್ದಾಲು ತಲುಪಿತೆಂದು ಅಳಿಯಂದಿರು ಫೋನಿನಲ್ಲಿ ನಿನ್ನ ದಾದಾಗೆ ಹೇಳಿದರಂತೆ. ಸಂತೋಷ. ನನ್ನ ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ ಎಂದು ಆಕ್ಷೇಪಿಸುತ್ತಿಲ್ಲ. ಎರಡು ಮಕ್ಕಳ ತಾಯಿಗೆ ಬೇಸಿಗೆಯಲ್ಲಿ ಪುರುಸೊತ್ತು ಎಲ್ಲಿಂದ ಬರಬೇಕು. ನನಗೆ ಮಾತ್ರ ಇವತ್ತು ಬರೆಯಲೇಬೇಕಾಗಿದೆ, ಏಕೆಂದರೆ ನಿನ್ನೆ ನನ್ನ ಮಾನ ಹೋಯಿತು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಜುಲೈ ಮಧ್ಯದಿಂದ ನಿಜವಾದ ಚೂರುಗಳನ್ನು ಕೊಡತೊಡಗಿದರು. ಇಲ್ಲಿನ ಪದ್ಧತಿ ಹೀಗೆ: ಕಾಗದದ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ. ಅದರ ಒಂದು ಪಕ್ಕದಲ್ಲಿ ಪಾತ್ರೆ ಹೊರಗಿನಿಂದ ಹೇಗೆ ಕಾಣುತ್ತದೋ ಹಾಗೆ. ಇನ್ನೊಂದು ಪಕ್ಕದಲ್ಲಿ ಅದನ್ನು ಕರಬೂಜದಂತೆ ಕೊಯ್ದರೆ ಗೋಡೆ ಎಷ್ಟು ದಪ್ಪ, ಎಲ್ಲಿ ತೆಳು ಎಂಬುದು. ಇದು ನನಗೆ ಬೇಗ ಹತ್ತಿತು. ಕೊಯ್ದು ನೋಡುವುದು ಅಡುಗೆಯವರ ಬುದ್ಧಿಯೇ ತಾನೆ. ನಿನ್ನ ದಾದಾ ತಂಬಾಕಿನ ಪೆಟ್ಟಿಗೆಯ ಹಲಗೆ ಬಿಚ್ಚಿ, ನಯವಾಗಿ ಉಜ್ಜಿ, ತೊಡೆಯ ಮೇಲಿಟ್ಟುಕೊಂಡು ಬರೆಯಲು ನನಗೊಂದು ಮಣೆ ಮಾಡಿಕೊಟ್ಟರು. ಗೋಡೆಗೆ ಒರಗಿಸಿಟ್ಟು ಹೋದರು. ಅವತ್ತೇ ಅದರ ಮೇಲೆ ಬರೆದೆ.

ಊಟ ಬಡಿಸಿ, ಪಾತ್ರೆ ತೊಳೆದು, ರಾತ್ರಿಯ ಅಡುಗೆಗೆ ಇಡುವ ಮುಂಚೆ ಮೂರು ತಾಸು ಸಿಗುತ್ತದೆ. ಆ ಮೂರು ತಾಸಿನಲ್ಲಿ ಬರೆದು ಬರೆದು, ಆಗಸ್ಟ್ ಇಪ್ಪತ್ತಕ್ಕೆ ಇಪ್ಪತ್ತೆರಡು ಮುಗಿಸಿದ್ದೆ. ನೋಡಲು ಅಂದವಾಗಿದ್ದವು. ಹೆಮ್ಮೆ ಬಂದಿತ್ತೆಂದು ಒಪ್ಪುತ್ತೇನೆ.

ನಿನ್ನೆ ಲಿದಿಯಾ ಪಾವ್ಲೋವ್ನಾ ಉದ್ದನೆಯ ಮೇಜಿನ ಮೇಲೆ ಒಂದು ಚೂರು, ಪಕ್ಕದಲ್ಲಿ ಅದರ ಚಿತ್ರ, ಹೀಗೆ ಇಪ್ಪತ್ತೆರಡನ್ನೂ ಜೋಡಿಸಿದರು. ಭೂತಗನ್ನಡಿ ಹಿಡಿದು ನೋಡುತ್ತಾ ಹೋದರು. ಏಳನೆಯದರ ಹತ್ತಿರ ನಿಂತರು. ಹಿಂದಕ್ಕೆ ಬಂದು ಮೊದಲನೆಯದರಿಂದ ಮತ್ತೆ ನೋಡಿದರು.

"ಸಬೋಹತ್, ಈ ಅಂಚು ಇಲ್ಲಿ ಒಡೆದಿದೆ. ಚಿತ್ರದಲ್ಲಿ ಒಡೆದಿಲ್ಲ."

ನೋಡಿದೆ. ಹೌದು.

"ಇದೂ. ಇದೂ. ಇದರಲ್ಲಿ ಒಡೆದ ಭಾಗ ಹಿಂದಕ್ಕೆ ಹೋಗೋ ಹಾಗೆ ಚೂರನ್ನೇ ತಿರುಗಿಸಿ ಇಟ್ಟು ಬರೆದಿದ್ದೀರಿ." ಆಮೇಲೆ ಹದಿನಾರನೆಯದನ್ನು ಎತ್ತಿದರು. ಅದೊಂದು ಹೂಜಿಯ ಕತ್ತು. ಮೂತಿ ಪೂರ್ತಿ ಹೋಗಿದೆ. "ಈ ಮೂತಿ ಎಲ್ಲಿಂದ ಬಂತು?"

ಹೂಜಿಗೆ ಮೂತಿ ಇರಲೇಬೇಕಲ್ಲ ಎಂದೆ. ಇಲ್ಲದಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದೂ ಎಂದೆ.

ನಿಜ ಹೇಳುತ್ತೇನೆ, ಬರೆಯುವಾಗ ನನಗೆ ಗೊತ್ತೇ ಆಗಿರಲಿಲ್ಲ. ಅಂಚು ಒಡೆದ ಪಿಯಾಲಾವನ್ನು ಅತಿಥಿಯ ಮುಂದೆ ಇಡುವುದುಂಟೇ ನಮ್ಮಲ್ಲಿ? ಬೇರೆ ಇಲ್ಲದಿದ್ದರೆ ಒಡೆದ ಕಡೆಯನ್ನು ನಮ್ಮತ್ತ ತಿರುಗಿಸಿಕೊಂಡು, ಒಳ್ಳೆಯ ಕಡೆಯನ್ನು ಅವರತ್ತ ಮಾಡಿ ಕೊಡುತ್ತೇವೆ. ನನ್ನ ಕೈ ಅದನ್ನೇ ಮಾಡಿದೆ. ಇಪ್ಪತ್ತೆರಡು ಸಲ, ನನ್ನನ್ನು ಕೇಳದೆ.

ಲಿದಿಯಾ ಪಾವ್ಲೋವ್ನಾಗೆ ಹೇಳಿದೆ. ಅವರು ಮೊದಲು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕನ್ನಡಕ ಒರೆಸಿಕೊಂಡು, "ಲೆನಿನ್‌ಗ್ರಾಡಲ್ಲಿ ಯಾರೋ ಒಬ್ಬ ಪಂಡಿತ ಈ ಚಿತ್ರ ನೋಡ್ತಾನೆ," ಎಂದರು. "ಏಳನೇ ಶತಮಾನದಲ್ಲಿ ಇಲ್ಲಿ ಹೂಜಿಗಳಿಗೆ ಇಂಥ ಮೂತಿ ಇತ್ತು ಅಂತ ಪುಸ್ತಕ ಬರೀತಾನೆ. ಅದನ್ನ ಓದಿ ಇನ್ನೊಬ್ಬ ಬರೀತಾನೆ. ಒಬ್ಬ ಅಡುಗೆಯವಳ ಮರ್ಯಾದೆಯಿಂದ ಒಂದು ಶತಮಾನವೇ ಸುಳ್ಳಾಗಿ ಹೋಗುತ್ತೆ."

ಅಷ್ಟರಲ್ಲಿ ಕುವ್ವತ್ ಅಕಾ ಚೂರುಗಳ ಬುಟ್ಟಿ ಹೊತ್ತು ಒಳಗೆ ಬಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡ.

"ಸಬೋಹತ್, ನೀನು ತಪ್ಪು ಕಸುಬಿಗೆ ಬಂದೆ. ಹೆಣ್ಣು ಗಂಡು ಕೂಡಿಸೋ ಕೆಲಸಕ್ಕೆ ಹೋಗ್ಬೇಕಿತ್ತು. ಒಡಕು ಮುಚ್ಚಿ ಒಳ್ಳೇ ಮಗ್ಗುಲು ತೋರ್ಸೋದ್ರಲ್ಲಿ ನಿನ್ನ ಬಿಟ್ರಿಲ್ಲ."

ಎಲ್ಲರೂ ನಕ್ಕರು. ನಾನೂ ನಗಬೇಕೆಂದು ಬಾಯಿ ತೆರೆದೆ, ನಗು ಬರಲಿಲ್ಲ. ಅಕ್ಕಿ ತೊಳೆಯಬೇಕೆಂದು ಹೇಳಿ ಹೊರಗೆ ಹೋದೆ. ಅವತ್ತು ಅನ್ನ ತಳ ಹಿಡಿಯಿತು. ಏಳು ಬೇಸಿಗೆಯಲ್ಲಿ ಮೊದಲ ಸಲ.

ಸಂಜೆ ಲಿದಿಯಾ ಪಾವ್ಲೋವ್ನಾ ತಾವೇ ಅಡುಗೆ ಮನೆಗೆ ಬಂದು ಸೌದೆಯ ಮೇಲೆ ಕೂತರು. "ಬಿಡ್ತೀರಾ?" ಎಂದು ಕೇಳಿದರು.

"ಇಲ್ಲ."

"ಇಪ್ಪತ್ತೆರಡೂ ಮೊದಲಿಂದ ಆಗ್ಬೇಕು. ಉಳಿದ ಹದಿನೆಂಟೂ ಇದೆ. ಐದು ವಾರ."

"ಎಣಿಸಿದ್ದೇನೆ."

"ಹಾಗಾದ್ರೆ ಒಂದು ಮಾತು ಕೇಳಿ. ಇನ್ಮೇಲೆ ಒಡೆದ ಜಾಗದಿಂದ್ಲೇ ಶುರು ಮಾಡಿ. ಮೊದಲನೇ ಗೆರೆ ಅಲ್ಲೇ. ಚೆನ್ನಾಗಿರೋ ಭಾಗ ಎಲ್ಲಿಗೂ ಓಡಿಹೋಗಲ್ಲ."

ಇವತ್ತು ಒಂದನೆಯದನ್ನು ಮತ್ತೆ ಬರೆದೆ, ಒಡೆದ ಕಡೆಯಿಂದ. ಎಷ್ಟು ಕಷ್ಟ ಗೊತ್ತೇ? ಅಂಚು ಒಂದು ಕಡೆ ನೇರ ಹೋಗುತ್ತದೆ, ಮುಂದೆ ಹೇಗೆ ಹೋಗುತ್ತದೆಂದು ಊಹಿಸಬಹುದು. ಒಡಕು ಹಾಗಲ್ಲ. ಅದು ಮುಂದಿನ ಹೆಜ್ಜೆ ಎಲ್ಲಿಡುತ್ತದೆಂದು ಅದಕ್ಕೇ ಗೊತ್ತು. ಪ್ರತಿ ಕೂದಲೆಳೆಗೂ ಕಣ್ಣೆತ್ತಿ ನೋಡಬೇಕು.

ಈಗ ಇಲ್ಲಿಗೆ ನಿಲ್ಲಿಸುತ್ತೇನೆ. ಕಾಗದ, ಕಣ್ಣು ಎರಡನ್ನೂ ಉಳಿಸಿಕೊಳ್ಳಬೇಕಾಗಿದೆ. ನೀನು, ನಿನ್ನವರು ಸುಖವಾಗಿರಿ.

ಓಚಾ


ಪಂಜಕೆಂಟ್,
12 ಅಕ್ಟೋಬರ್ 1986

ನನ್ನ ಮಾಸ್ತುರಾ,

ನಿನ್ನ ಕಾರ್ಡು ಸೆಪ್ಟೆಂಬರ್ ಆರರಂದು ಬಂತು. ಆ ಕೂಡಲೇ ಉತ್ತರಿಸದೆ ಇಷ್ಟು ದಿನ ಕಾಯಿಸಿದ್ದಕ್ಕೆ ಈ ಸಲ ನೆಪ ಹೇಳುವುದಿಲ್ಲ. ನಲವತ್ತು ಮುಗಿಯುವವರೆಗೆ ಬೇರೆ ಯಾವುದಕ್ಕೂ ಪೆನ್ಸಿಲ್ ಮುಟ್ಟಬಾರದೆಂದು ನಿಶ್ಚಯಿಸಿದ್ದೆ.

ಅಂಚೆಯವನು ಕಾರ್ಡನ್ನು ಶಿಬಿರಕ್ಕೇ ತಂದುಕೊಟ್ಟ. ಕ್ಷೇಮವಾಗಿದ್ದೇವೆ, ಕ್ಷೇಮವೆಂದು ನಂಬಿದ್ದೇವೆ ಎಂಬ ಎರಡು ಸಾಲು. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಮೂರನೆಯ ಸಾಲು: "ಪೆನ್ಸಿಲನ್ನು ಚೂಪಿನ ಹತ್ತಿರ ಹಿಡಿಯಬೇಡ ಓಚಾ, ಹಿಂದಕ್ಕೆ ಹಿಡಿ, ಗೆರೆ ಮಣಿಕಟ್ಟಿನಿಂದಲ್ಲ ಭುಜದಿಂದ ಬರಬೇಕು."

ಐದು ವರ್ಷದಲ್ಲಿ ನೀನು ನನಗೆ ಹೇಳಿದ ಮೊದಲ ಮಾತು ಅದು. ಉಳಿದವು ಕಾರ್ಡಿನ ಮಾತುಗಳು.

ಹಾಗೇ ಹಿಡಿದು ನೋಡಿದೆ. ಮೊದಲ ಎರಡು ದಿನ ಕೈ ಯಾರದೋ ಎನಿಸಿತು, ಬರುತ್ತಿದ್ದ ಗೆರೆಗಳೂ ಕೆಟ್ಟವು. ಹಳೆಯ ರೀತಿಗೇ ಮರಳಲು ಮನಸ್ಸಾಯಿತು. ದಿನ ಕಡಿಮೆ ಇತ್ತು. ಆದರೂ ನೀನು ಹೇಳಿದ್ದೆಂದು ಬಿಡಲಿಲ್ಲ. ಮೂರನೆಯ ದಿನ ಒಂದು ದೊಡ್ಡ ಹರವಿಯ ಹೊಟ್ಟೆಯ ಗೆರೆ, ಮೇಲಿನಿಂದ ಕೆಳಗಿನವರೆಗೆ, ಒಂದೇ ಸಲಕ್ಕೆ ಬಂತು. ಲಿದಿಯಾ ಪಾವ್ಲೋವ್ನಾ ಹಿಂದೆ ನಿಂತಿದ್ದರಂತೆ. "ಇದನ್ನ ನಾನು ಕಲಿಸ್ಲಿಲ್ಲ," ಎಂದರು.

"ನನ್ನ ಮಗಳು ಕಲಿಸಿದ್ದು," ಎಂದೆ.

"ಅವಳು ಎಲ್ಲಿ ಕೆಲಸ ಮಾಡ್ತಾಳೆ?"

"ಊರಾ-ತ್ಯುಬೆಯಲ್ಲಿ. ಮನೇಲಿ."

ಅವರು ಆ ಹಾಳೆಯನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ನೋಡಿದರು.

ಸೆಪ್ಟೆಂಬರ್ ಹೇಗೆ ಹೋಯಿತೆಂದು ಏನು ಹೇಳಲಿ. ಬೆಳಿಗ್ಗೆ ಬೇಗ ಎದ್ದು, ಹಿಟ್ಟು ನಾದಿಟ್ಟು, ಅದು ಉಬ್ಬುವಷ್ಟರಲ್ಲಿ ಒಂದು ಚೂರು. ಈರುಳ್ಳಿ ಹೆಚ್ಚಿದ ಕೈಯಲ್ಲಿ ಕಾಗದ ಮುಟ್ಟಿದರೆ ಕಲೆ ಬೀಳುತ್ತದೆಂದು ಕುವ್ವತ್ ಅಕಾನ ಹೆಂಡತಿಯನ್ನು ಬೇಡಿಕೊಂಡೆ. ಅವಳು ಬಂದು ಈರುಳ್ಳಿ ಹೆಚ್ಚಿಕೊಟ್ಟಳು. ಅವನು ಮಾತ್ರ ಸುಮ್ಮನಿರಲಿಲ್ಲ. ಒಂದು ದಿನ ಶೋರ್ಬಾ ಬಾಯಿಗಿಟ್ಟು, "ಇದರಲ್ಲಿ ಉಪ್ಪಿಲ್ವಲ್ಲ! ಉಪ್ಪನ್ನೂ ಪೆನ್ಸಿಲಲ್ಲಿ ಬರೆದು ಹಾಕಿದ್ಯಾ?" ಎಂದ. "ಇಲ್ಲದೇ ಇರೋದನ್ನ ಬರೆಯೋ ಕೆಲಸ ಬಿಟ್ಟಿದ್ದೀನಿ ಅಕಾ, ಅದಕ್ಕೇ ಇಲ್ಲ," ಎಂದೆ. ಅವನ ಹೆಂಡತಿ ನಕ್ಕು ನಕ್ಕು ಚಾಕು ಕೆಳಗಿಟ್ಟಳು.

ಇಪ್ಪತ್ತೆಂಟಕ್ಕೆ ನಲವತ್ತನ್ನೂ ಮೇಜಿನ ಮೇಲಿಟ್ಟೆ. ಲಿದಿಯಾ ಪಾವ್ಲೋವ್ನಾ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರು, ಊಟಕ್ಕೂ ಬರಲಿಲ್ಲ. ನಾಲ್ಕು ಗಂಟೆಗೆ ಕರೆದರು. ಮೂವತ್ತೇಳು ಒಂದು ಕಡೆ, ಮೂರು ಇನ್ನೊಂದು ಕಡೆ.

"ಈ ಮೂರಲ್ಲಿ ಗೋಡೆ ದಪ್ಪವಾಗಿದೆ. ಅರ್ಧ ಮಿಲಿಮೀಟರ್."

"ಅರ್ಧ ಮಿಲಿಮೀಟರ್ರಾ?"

"ನಿಮ್ಮ ನೂಡಲ್ಸ್ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ ಇದ್ರೆ ನೀವು ಬಡಿಸ್ತೀರಾ?"

ಬಡಿಸುವುದಿಲ್ಲ. ಮಣೆ ತೆಗೆದುಕೊಂಡು ಅಲ್ಲೇ ಹೊಸಿಲ ಮೇಲೆ ಕೂತೆ. ಒಂದನ್ನು ಅವತ್ತು, ಒಂದನ್ನು ಮಾರನೆಯ ಬೆಳಿಗ್ಗೆ ಮುಗಿಸಿದೆ. ಮೂವತ್ತನೆಯ ತಾರೀಖು ಅವರು ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು, ನಾನು ನಲವತ್ತನೆಯದನ್ನು ಅಳೆಯುತ್ತಿದ್ದೆ. ಚಾಲಕ ಹಾರ್ನ್ ಹೊಡೆದ. ಲಿದಿಯಾ ಪಾವ್ಲೋವ್ನಾ ಕಿಟಕಿಯಿಂದ ತಲೆ ಹಾಕಿ ನಮ್ಮ ಭಾಷೆಯಲ್ಲೇ ಅವನಿಗೆ ಬೈದರು. ಬಂದು, ಮೂರನ್ನೂ ನೋಡಿ, ತಲೆಯಾಡಿಸಿದರು.

"ಸಹಿ ಹಾಕಿ," ಎಂದರು. ಪ್ರತಿ ಹಾಳೆಯ ಕೆಳಗೆ, ಬಲ ಮೂಲೆಯಲ್ಲಿ, ಬರೆದವರ ಹೆಸರಿಗೆ ಜಾಗವಿದೆ. ಬೇಡ, ನಿಮ್ಮ ಹೆಸರನ್ನೇ ಹಾಕಿ ಎಂದೆ, ನಾಚಿಕೆಯಿಂದ. ಅವರಿಗೆ ಸಿಟ್ಟು ಬಂತು. "ಅದು ಶೋಕಿಗಲ್ಲ. ಚೂರು ನಾಳೆ ಕಳೆದುಹೋಗ್ಬಹುದು. ಆಗ ಈ ಹಾಳೆ ಮಾತ್ರ ಇರುತ್ತೆ. ನಾನು ನೋಡಿದೆ, ಹೀಗೇ ಇತ್ತು ಅಂತ ಹೇಳೋಕೆ ಒಬ್ರು ಬೇಕು. ಅದಕ್ಕೆ ಸಹಿ."

ನಲವತ್ತು ಸಲ ಹೆಸರು ಬರೆದೆ. ಮದುವೆಯ ಕಾಗದಕ್ಕೆ ಒಂದೇ ಸಲ ಬರೆದಿದ್ದೆ.

ದಾಸ್ತಾನು ಕೋಣೆಯ ಬೀಗದ ಕೈ ಈಗ ನನ್ನ ಹತ್ತಿರ ಇದೆ. ಅಕ್ಟೋಬರ್ ಒಂದರಿಂದ ಅಲ್ಲಿ ನನಗೊಂದು ಮೇಜು, ಉತ್ತರದ ಕಿಟಕಿ, ಸಣ್ಣ ಕಬ್ಬಿಣದ ಒಲೆ. ವಸಂತದೊಳಗೆ ಮುನ್ನೂರು ಚೂರು ಆಗಬೇಕು. ಕಡಾಯಿಯನ್ನು ಮುಂದಿನ ಬೇಸಿಗೆ ಯಾರು ನೋಡಿಕೊಳ್ಳುತ್ತಾರೋ ನೋಡಿಕೊಳ್ಳಲಿ. ಕುವ್ವತ್ ಅಕಾ, "ಇನ್ಮೇಲೆ ನಾವು ಉಪವಾಸ," ಎಂದ. ನಿನ್ನ ದಾದಾ ಮನೆಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, "ನಮ್ಮವಳು ಸರ್ಕಾರಿ ಚಿತ್ರಗಾರ್ತಿ," ಎಂದು ಹೇಳಿ ಕೆಮ್ಮುತ್ತಾರೆ.

ನಿನ್ನ ಅತ್ತೆಯವರಿಗೆ ನನ್ನ ಸಲಾಮ್ ತಿಳಿಸು. ಅಳಿಯಂದಿರ ಕೆಲಸ ಸುಗಮವಾಗಿರಲಿ. ಮಕ್ಕಳು ಬೆಳೆದು ದೊಡ್ಡವರಾಗಿ ನಿನ್ನ ಕಣ್ಣ ಮುಂದೆ ನೂರು ವರ್ಷ ಬಾಳಲಿ. ನಿನ್ನ ಊಟದ ದಸ್ತರ್‌ಖಾನಿನ ಮೇಲೆ ರೊಟ್ಟಿ, ನಿನ್ನ ಮೈಯಲ್ಲಿ ಆರೋಗ್ಯ, ಮನಸ್ಸಿನಲ್ಲಿ ನೆಮ್ಮದಿ ಎಂದೂ ಕಡಿಮೆಯಾಗದಿರಲಿ. ಆಮೀನ್.

ನಿನ್ನ ಓಚಾ,
ಸಬೋಹತ್

ತಾ.ಕ. ಮೇಲೆ ಸಹಿ ಹಾಕಿ ಲಕೋಟೆಗೂ ಸೇರಿಸಿದ್ದೆ. ಮತ್ತೆ ಹೊರಗೆ ತೆಗೆದೆ.

ನಿನ್ನ ಚಿತ್ರದ ನೋಟ್‌ಬುಕ್ಕನ್ನು ನಿನ್ನ ಅಜ್ಜಿ ಬೀಬೀ ಸುಡಲಿಲ್ಲ. ನಾನು ಸುಟ್ಟೆ.

ಮರುದಿನ ಊರಾ-ತ್ಯುಬೆಯವರು ನಿನ್ನನ್ನು ನೋಡಲು ಬರುವವರಿದ್ದರು. ನಿನ್ನ ಡ್ರಾಯಿಂಗ್ ಮೇಷ್ಟ್ರು ಅದನ್ನು ದುಶಾನ್ಬೆಯ ಚಿತ್ರಕಲಾ ಶಾಲೆಗೆ ಕಳಿಸಬೇಕೆಂದು ಕೇಳಿದ್ದರು. ಅದು ಹೋದರೆ ನೀನೂ ಹೋಗುತ್ತೀಯೆಂದು ನನಗೆ ಗೊತ್ತಿತ್ತು. ರೊಟ್ಟಿ ಸುಡಲು ತಂದೂರ್ ಹೊತ್ತಿಸಿದಾಗ ಹಾಕಿದೆ. ಹಾಕುವ ಮೊದಲು ಪೂರ್ತಿ ತಿರುವಿ ನೋಡಿದೆ. ಬೀಬೀ ಗೋಡೆಗೆ ಒರಗಿ ತೂಕಡಿಸುತ್ತಿರುವುದು ಒಂದು ಪುಟದಲ್ಲಿತ್ತು. ಅವರ ಗೂನು ಬೆನ್ನು ಒಂದೇ ಗೆರೆ. ಅಂಥ ಗೆರೆ ಎಷ್ಟು ಕಷ್ಟವೆಂದು ಆಗ ನನಗೆ ತಿಳಿದಿರಲಿಲ್ಲ ಎಂದು ಬರೆಯಹೊರಟಿದ್ದೆ. ಅದು ಸರಿಯಲ್ಲ. ಕಷ್ಟವೆಂದು ತಿಳಿದಿರಲಿಲ್ಲ, ಆದರೆ ಚೆನ್ನಾಗಿದೆ ಎಂದು ಆಗಲೂ ತಿಳಿದಿತ್ತು. ತಿಳಿದೇ ಹಾಕಿದೆ.

ನೀನು ಹುಡುಕುತ್ತಾ ಬಂದಾಗ, ಬೀಬೀಗೆ ಓದಲು ಬರುವುದಿಲ್ಲವಲ್ಲ, ಹಳೆಯ ಕಾಗದವೆಂದು ಒಲೆಗೆ ಹಾಕಿರಬೇಕು ಎಂದೆ. ಅವರು ಒಳಕೋಣೆಯಲ್ಲೇ ಇದ್ದರು, ಕೇಳಿಸಿಕೊಂಡರು. ನೀನು ಅವರನ್ನು ಏನು ಕೇಳಿದೆಯೋ, ಅವರು ತಲೆ ತಗ್ಗಿಸಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನೀನು ಹೋದ ಮೇಲೆ ಅವರು ನನಗೆ ಹೇಳಿದ್ದು ಇಷ್ಟೇ: "ನಾನಿನ್ನೆಷ್ಟು ದಿನ ಇರ್ತೀನಿ. ನಿನಗೆ ಮಗಳು ಬೇಕಲ್ಲ. ನನ್ನ ಮೇಲೇ ಇರ್ಲಿ ಬಿಡು." ಮದುವೆಯ ದಿನ ನೀನು ಅವರ ಕೈಗೆ ಮುತ್ತಿಡದೆ ಹೊರಟೆ. ಅವರು ತೀರಿಕೊಂಡಾಗ ಬರಲಿಲ್ಲ. ಹಿಮದಿಂದ ಕಣಿವೆಯ ದಾರಿ ಮುಚ್ಚಿದೆ ಎಂದು ನಾನು ನೆಂಟರಿಗೆಲ್ಲ ಹೇಳಿದೆ. ಅದು ಜೂನ್ ತಿಂಗಳು. ಯಾರೂ ಮರುಮಾತಾಡಲಿಲ್ಲ.

ಕ್ಷಮಿಸು ಎಂದು ಇಲ್ಲಿ ಬರೆಯುವುದಿಲ್ಲ. ಅದು ನೀನು ಕೊಡಬೇಕಾದದ್ದು, ನಾನು ಬರೆದು ಸೇರಿಸುವಂಥದ್ದಲ್ಲ.

ಬೀಬೀಯ ಗೋರಿಗೆ ಮಾತ್ರ ಒಂದು ಸಲ ಬಾ. ನಮ್ಮ ಮನೆಗೆ ಬರದೆ ನೇರವಾಗಿ ಅಲ್ಲಿಗೇ ಹೋಗಬಹುದು. ಕುವ್ವತ್ ಅಕಾನ ಹೆಂಡತಿಗೆ ಹೇಳಿದ್ದೇನೆ, ಅವಳು ನಿನ್ನನ್ನು ಕರೆದೊಯ್ಯುತ್ತಾಳೆ, ಎದುರು ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಲಾರಿ ನಿಲ್ದಾಣಕ್ಕೆ ಹೋಗಿ ಮೂವರು ಚಾಲಕರನ್ನು ವಿಚಾರಿಸಿದೆ. ಮೂವರೂ ಒಂದೇ ಮಾತು ಹೇಳಿದರು: ದಾರಿ ನವೆಂಬರ್ ಹತ್ತರವರೆಗೆ ತೆರೆದಿರುತ್ತದೆ.

ಸಬೋಹತ್